ಕೋಡಿ ಪಕ್ಕಾಸು: ಕಾಸರಗೋಡಿನ ಒಂದು ಮಾಡಿನ ಲೆಕ್ಕ

ಕಾಸರಗೋಡಿನ ಕನ್ನಡ ಅಂದ ಕೂಡಲೇ ನಾವು ಗೋವಿಂದ ಪೈ, ಕಯ್ಯಾರರಿಂದ ಶುರು ಮಾಡ್ತೇವೆ. ನಾನು ಇವತ್ತು ನಮ್ಮ ಮನೆಯ ಮಾಡಿನಿಂದ ಶುರು ಮಾಡುತ್ತೇನೆ. ನನ್ನ ಅಜ್ಜ ಮರದ ಕೆಲಸದ ಆಚಾರಿ.

1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಕಾಸರಗೋಡೂ ಮಂಗಳೂರೂ ಒಂದೇ ಜಿಲ್ಲೆ. ಮುಳಿಹುಲ್ಲಿನ ಮಾಡು ಕಡಿದಾಗಿರಬೇಕು, ಇಲ್ಲದಿದ್ದರೆ ನೀರು ನಿಂತು ಹುಲ್ಲು ಕೊಳೆಯುತ್ತದೆ. ಹಂಚಿಗೆ ಅಷ್ಟು ಇಳಿಜಾರು ಬೇಡ. ನಮ್ಮಲ್ಲಿ ಹುಲ್ಲಿನ ಕಾಲದ ಪಕ್ಕಾಸುಗಳ ಮೇಲೆಯೇ ಹಂಚು ಬಂತು. ಆಮೇಲೆ ಬದಿಗೆ ಜಗಲಿ ಸೇರಿಸಿದಾಗ ಆ ಬದಿಯ ಮಾಡು ತಗ್ಗಾಯಿತು. ಹೀಗೆ ಒಂದೇ ಮೂಲೆಯಲ್ಲಿ ಎರಡು ಇಳಿಜಾರು ಸೇರಿದವು.

ಕಳೆದ ಬೇಸಿಗೆಯಲ್ಲಿ ಆ ಮೂಲೆಯ ರಿಪೇರಿಗೆ ಬಂದವರು ಎಲ್ಲವನ್ನೂ 45 ಡಿಗ್ರಿಗೆ ಕೊಯ್ದರು. ಮೇಲೆ ಇಟ್ಟು ನೋಡಿದರೆ ಬೆರಳು ತೂರುವಷ್ಟು ಸಂದು! ಅಜ್ಜ ಕೂತಲ್ಲಿಂದಲೇ ಹೇಳಿದರು: "ಒಂದಡಿ ಏರ್ಲಿಕ್ಕೆ ಆ ಬದಿ ಒಂದಡಿ ಒಳಗೆ ಹೋಗ್ತದೆ, ಜಗಲಿ ಬದಿ ಎರಡಡಿ. ನೆಲದಲ್ಲಿ ಗೀಟು ಎಳೆದು ನೋಡು ಮಗಾ."

ಗೀಟು ಎಳೆದೆ. ಮೂಲೆಯ ಪಕ್ಕಾಸು ನೆಲದ ನಕ್ಷೆಯಲ್ಲಿ 1 ಮತ್ತು 2 ಅಡಿಯ ಕರ್ಣ, ಅಂದರೆ ಸುಮಾರು 2.24 ಅಡಿ. ಅಷ್ಟು ದೂರಕ್ಕೆ ಒಂದಡಿ ಏರಿದರೆ ಅದರ ಇಳಿಜಾರು ಸುಮಾರು 24.1 ಡಿಗ್ರಿ. ದೊಡ್ಡ ಮಾಡಿನ ಸೂರಿಗೆ ಅದು 26.6 ಡಿಗ್ರಿಯಲ್ಲಿ, ಜಗಲಿಯ ಸೂರಿಗೆ 63.4 ಡಿಗ್ರಿಯಲ್ಲಿ ಇರುತ್ತದೆ. ಮೂಲೆಯ ಪಕ್ಕಾಸಿನ ಈ ಕೋನಗಳಲ್ಲಿ 45 ಇಲ್ಲ. ಆದರೆ ಈ ಸಂಖ್ಯೆಗಳನ್ನೇ ಗರಗಸಕ್ಕೆ ಕೊಟ್ಟರೂ ತಪ್ಪಾಗುತ್ತಿತ್ತು (ನಾನು ಹಾಗೇ ಮಾಡಲು ಹೊರಟಿದ್ದೆ). ಮರ ಮಲಗಿರುವುದು ಇಳಿಜಾರಿನಲ್ಲಿ, ನೆಲದಲ್ಲಲ್ಲ. ಮೂಲೆಗೆ ಬಂದು ತಾಗುವ ಗಿಡ್ಡ ಪಕ್ಕಾಸುಗಳನ್ನು ಮಾಡಿನ ಮೈಮೇಲೆ ಅಳೆದರೆ, ದೊಡ್ಡ ಮಾಡಿನವು ಮೂಲೆಯ ಪಕ್ಕಾಸನ್ನು 54.7 ಡಿಗ್ರಿಯಲ್ಲಿ ಸೇರುತ್ತವೆ, ಜಗಲಿಯವು 24.1 ಡಿಗ್ರಿಯಲ್ಲಿ. ಇನ್ನೊಂದು ತೊಡಕು: ಎರಡೂ ಸೂರು ಒಂದೇ ಮಟ್ಟದಲ್ಲಿದ್ದು, ಗೋಡೆಯಿಂದ ಹೊರಗೆ ಸಮವಾಗಿ ಚಾಚಿದ್ದರೆ, ಮೂಲೆಯ ಪಕ್ಕಾಸು ಗೋಡೆಯ ಮೂಲೆಯ ಮೇಲೆ ಹಾಯುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ.

ಅಜ್ಜನಿಗೆ ಡಿಗ್ರಿ ಗೊತ್ತಿಲ್ಲ, ಕರ್ಣ ಗೊತ್ತು. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಕ್ಷೇತ್ರಗಣಿತ ಬರೆದವನು. ನಮ್ಮ ತರಗತಿಯಲ್ಲಿ ಅವನು ಒಂದು ಹೆಸರಾಗಿ ಬಂದು ಹೋದ. ಅಜ್ಜ ಮೂಲೆಯ ಪಕ್ಕಾಸಿಗೆ 'ಕೋಡಿ ಪಕ್ಕಾಸು' ಅನ್ನುತ್ತಾರೆ. ಮಲಯಾಳಂನಲ್ಲಿ ಅದು ಕೋಡಿಕ್ಕಳುಕ್ಕೋಲ್. ಅಜ್ಜನ ಮಾತಿನಲ್ಲಿ ಅರ್ಧ ಅವರದ್ದು, ಅರ್ಧ ನಮ್ಮದು. 1956ರ ಗಡಿಯ ಬಗ್ಗೆ ಎಷ್ಟೋ ಪ್ರಬಂಧ ಓದಿದ್ದೇನೆ, ಇಂಥ ಶಬ್ದ ಅವುಗಳಲ್ಲಿ ಸಿಗಲಿಲ್ಲ. ಕೆಲಸದ ಹುಡುಗರಿಗೆ ಅರ್ಥವಾದದ್ದು 'ಕೋಡಿ' ಮಾತ್ರ. 'ಪಕ್ಕಾಸು' ಏನೆಂದು ನಾನು ಹೇಳಬೇಕಾಯಿತು.

ತಪ್ಪಾಗಿ ಕೊಯ್ದ ಏಳು ತುಂಡು ಈಗ ಸೌದೆಕೊಟ್ಟಿಗೆಯಲ್ಲಿವೆ. ಹೊಸೂರು, ತಾಳವಾಡಿ, ಅಕ್ಕಲಕೋಟೆ ಕಡೆಯವರು ಯಾರಾದರೂ ಇದ್ದರೆ, ಈ ಮೂಲೆಯ ಮರಕ್ಕೆ ನಿಮ್ಮಲ್ಲಿ ಏನಂತಾರೆ, ದಯವಿಟ್ಟು ಚಾಟ್‌ನಲ್ಲಿ ಬರೆಯಿರಿ.