ಹದಿನಾರನೆಯ ಚೌಕ: ಒಹಾಯೊದ ಹಳ್ಳಿಗಾಡಿನ ಶಾಲೆಗಳು ಮತ್ತು ನೆಲದ ತೆರಿಗೆ

ಅಮೆರಿಕದ ಒಹಾಯೊ ರಾಜ್ಯದ ದಕ್ಷಿಣ ತುದಿಯಲ್ಲಿ, ಒಹಾಯೊ ನದಿಯ ದಡಕ್ಕೆ ಅಂಟಿಕೊಂಡಂತೆ ಲಾರೆನ್ಸ್ ಕೌಂಟಿ ಇದೆ. ಅಲ್ಲಿನ ಕೋಲ್ ಗ್ರೋವ್ ಎಂಬ ಸಣ್ಣ ಊರಿನ ಡಾಸನ್-ಬ್ರಯಂಟ್ ಶಾಲಾ ಜಿಲ್ಲೆಯಲ್ಲಿ 1990ರ ದಶಕದಲ್ಲೂ ಕಲ್ಲಿದ್ದಲು ಉರಿಸಿ ತರಗತಿಗಳನ್ನು ಬೆಚ್ಚಗಿಡುತ್ತಿದ್ದರು. ರಾತ್ರಿಯಿಡೀ ಇಳಿದ ಕರಿ ಧೂಳು ಬೆಳಿಗ್ಗೆ ಮಕ್ಕಳು ಬರುವ ಹೊತ್ತಿಗೆ ಡೆಸ್ಕುಗಳ ಮೇಲೆ ಪದರವಾಗಿ ಕೂತಿರುತ್ತಿತ್ತು. ಬ್ಯಾಂಡಿನ ಮಕ್ಕಳ ಅಭ್ಯಾಸ ನಡೆಯುತ್ತಿದ್ದುದು ಹಿಂದೆ ಕಲ್ಲಿದ್ದಲು ತುಂಬಿಡುತ್ತಿದ್ದ, ಗಾಳಿಯೇ ಆಡದ ಕೋಣೆಯಲ್ಲಿ. ತಲೆನೋವೆಂದು ಅವರು ದೂರುತ್ತಿದ್ದರು. ಡೀರಿಂಗ್ ಪ್ರಾಥಮಿಕ ಶಾಲೆಯ ಗ್ರಂಥಾಲಯವೆಂದರೆ ನೆಲಮಾಳಿಗೆಯ ಹಳೆಯ ಉಗ್ರಾಣ. ನಡೆಯಲಾರದ ಮಕ್ಕಳನ್ನು ಅಲ್ಲಿಗೆ ಯಾರಾದರೂ ಎತ್ತಿಕೊಂಡೇ ಹೋಗಬೇಕು. ಅಲ್ಲಿನ ಮೂರನೆಯ ತರಗತಿಯ ಒಂದು ಮಗು, ಗಾಲಿಕುರ್ಚಿ ಅಲ್ಲಿಗೆ ಹೋಗುವಂತಿಲ್ಲದ್ದರಿಂದ, ತನ್ನದೇ ಶಾಲೆಯ ಗ್ರಂಥಾಲಯವನ್ನು ಒಮ್ಮೆಯೂ ಕಂಡಿರಲಿಲ್ಲ. ಇವೆಲ್ಲ 1997ರ ಮಾರ್ಚ್ 24ರಂದು ಒಹಾಯೊ ಸುಪ್ರೀಂ ಕೋರ್ಟ್ ಕೊಟ್ಟ ಡಿರಾಲ್ಫ್ ತೀರ್ಪಿನ ಪುಟಗಳಲ್ಲಿ ದಾಖಲಾಗಿರುವ ಸಂಗತಿಗಳು.

ಇಂಥ ಶಾಲೆಗಳ ಬಗ್ಗೆ ಮಾತು ಬಂದಾಗಲೆಲ್ಲ ಆ ರಾಜ್ಯದಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತಿತ್ತು: ಅಲ್ಲಿನ ಜನ ತಮ್ಮ ಮಕ್ಕಳಿಗಾಗಿ ತೆರಿಗೆ ಕೊಡಲು ಒಪ್ಪುವುದಿಲ್ಲ. ಎರಡು ಶತಮಾನದ ಕಾನೂನುಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಈ ಉತ್ತರ ನಿಲ್ಲುವುದಿಲ್ಲ. ಶಾಲೆಯ ಭಾಗ್ಯವನ್ನು ಅದು ನಿಂತಿರುವ ನೆಲದ ಬೆಲೆಗೆ ಕಟ್ಟಿಹಾಕಿದ್ದೇ ಮೂಲ ದೋಷ. ಆ ಗಂಟು ಬಿದ್ದದ್ದು ಒಹಾಯೊ ಎಂಬ ರಾಜ್ಯ ಹುಟ್ಟುವುದಕ್ಕೂ ಮೊದಲು.

1785ರ ಭೂ ಶಾಸನದಿಂದ ಶುರುಮಾಡಬೇಕು. ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸಲು ಹೊಸ ಒಕ್ಕೂಟಕ್ಕೆ ಪಶ್ಚಿಮದ ನೆಲ ಮಾರಬೇಕಿತ್ತು. ಮಾರುವ ಮುನ್ನ ಅಳೆಯಬೇಕಿತ್ತು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಟೌನ್‌ಶಿಪ್. ಅದರೊಳಗೆ ತಲಾ ಒಂದು ಚದರ ಮೈಲಿಯ, ಅಂದರೆ 640 ಎಕರೆಯ, 36 ಚೌಕಗಳು. ಇವುಗಳಲ್ಲಿ 16ನೆಯ ಚೌಕ ಆ ಟೌನ್‌ಶಿಪ್ಪಿನ ಸಾರ್ವಜನಿಕ ಶಾಲೆಯ ಪೋಷಣೆಗೆ ಮೀಸಲು. ನಮ್ಮಲ್ಲಿ ದೇವಸ್ಥಾನಕ್ಕೂ ಮಠಕ್ಕೂ ಬಿಟ್ಟುಕೊಡುತ್ತಿದ್ದ ಮಾನ್ಯದ ಹೊಲವನ್ನು ನೆನೆದರೆ ಇದರ ಸ್ವರೂಪ ಥಟ್ಟನೆ ತಿಳಿಯುತ್ತದೆ: ನೆಲ ದುಡಿಯಬೇಕು, ಶಾಲೆ ನಡೆಯಬೇಕು. ಈ ಅಳತೆಯ ಸರಪಳಿ ಮೊದಲು ನೆಲಕ್ಕೆ ಬಿದ್ದದ್ದು ಇಂದಿನ ಒಹಾಯೊದ ಪೂರ್ವ ಅಂಚಿನಲ್ಲೇ.

ಉದಾತ್ತವಾದ ಯೋಚನೆ, ಅನುಮಾನವಿಲ್ಲ. ಆದರೆ ಚೌಕದ ಸಂಖ್ಯೆ ಎಲ್ಲೆಡೆ ಒಂದೇ ಆದರೂ ಮಣ್ಣು ಒಂದೇ ಅಲ್ಲ. ಪಶ್ಚಿಮದ ಬಯಲಿನ ಟೌನ್‌ಶಿಪ್ಪಿಗೆ ಸಿಕ್ಕ 640 ಎಕರೆ ಫಲವತ್ತಾದ ಕಪ್ಪು ಮಣ್ಣು; ಆಗ್ನೇಯದ ಅಪಲೇಚಿಯನ್ ಗುಡ್ಡಗಾಡಿಗೆ ಸಿಕ್ಕದ್ದು ಇಳಿಜಾರು, ಕಲ್ಲು, ಕಾಡು. ಅದರ ಮೇಲೆ ಆಡಳಿತದ ಅಸಡ್ಡೆ ಬೇರೆ. 1803ರಲ್ಲಿ ರಾಜ್ಯವಾದ ಮೇಲೆ ಶಾಸಕಾಂಗ ಈ ನೆಲಗಳನ್ನು ಅಗ್ಗದ ಗೇಣಿಗೆ, ಕೆಲವೆಡೆ 99 ವರ್ಷದ ಗೇಣಿಗೆ, ಕೊಟ್ಟಿತು. 1820ರ ದಶಕದ ಕೊನೆಗೆ ಮಾರಲೂ ತೊಡಗಿತು. ಮಾರಿದ ಹಣವನ್ನು ರಾಜ್ಯವೇ ಸಾಲವಾಗಿ ಇಟ್ಟುಕೊಂಡು ಟೌನ್‌ಶಿಪ್ಪುಗಳಿಗೆ ಬಡ್ಡಿ ಕೊಟ್ಟಿತು. ಒಳ್ಳೆಯ ನೆಲವಿದ್ದವರಿಗೆ ಹೆಚ್ಚು ಬಡ್ಡಿ, ಗುಡ್ಡದವರಿಗೆ ಚೂರುಪಾರು. ಮುಂದಿನ ಕಥೆಯೆಲ್ಲ ಇಲ್ಲೇ ಬೀಜರೂಪದಲ್ಲಿದೆ.

ಮಾನ್ಯದ ನೆಲದಿಂದ ಶಾಲೆ ನಡೆಯದೆಂದು ಸ್ಪಷ್ಟವಾದಾಗ ತೆರಿಗೆಯ ಮಾತು ಬಂತು. 1825ರ ಕಾನೂನು ಕೌಂಟಿಗಳು ಶಾಲೆಗಾಗಿ ಅರ್ಧ ಮಿಲ್ ತೆರಿಗೆ ಹಾಕಲೇಬೇಕೆಂದಿತು. ಇದಕ್ಕಾಗಿ ಹೆಣಗಿದವರಲ್ಲಿ ಒಬ್ಬರು ಸಿನ್ಸಿನಾಟಿಯ ನೇಥನ್ ಗಿಲ್‌ಫರ್ಡ್. ಇನ್ನೊಬ್ಬರು ಆಗ್ನೇಯದ ಗುಡ್ಡಸೀಮೆಯವರೇ ಆದ ಎಫ್ರೇಮ್ ಕಟ್ಲರ್. 1851ರ ಸಂವಿಧಾನ ಇನ್ನೂ ಮುಂದೆ ಹೋಗಿ, ರಾಜ್ಯದುದ್ದಕ್ಕೂ ‘ಸಮಗ್ರ ಮತ್ತು ದಕ್ಷ’ ಸಾರ್ವಜನಿಕ ಶಾಲಾ ವ್ಯವಸ್ಥೆಯನ್ನು ಒದಗಿಸುವ ಹೊಣೆಯನ್ನು ಶಾಸಕಾಂಗದ ಹೆಗಲಿಗೇರಿಸಿತು. 1853ರಲ್ಲಿ ಇಡೀ ರಾಜ್ಯದ ಆಸ್ತಿಯ ಮೇಲೆ ಶಾಲಾ ತೆರಿಗೆ ಹಾಕಿ, ಬಂದ ಹಣವನ್ನು ಮಕ್ಕಳ ತಲೆ ಎಣಿಸಿ ಹಂಚುವ ಪದ್ಧತಿ ಬಂತು. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಅತ್ಯಂತ ನ್ಯಾಯವಾದ ಗಳಿಗೆ ಅದು: ಸಿನ್ಸಿನಾಟಿಯ ಗೋದಾಮೂ ಗುಡ್ಡದ ಜೋಳದ ಹೊಲವೂ ಒಂದೇ ಹುಂಡಿಗೆ ಹಣ ಹಾಕಿ, ಮಗು ಎಲ್ಲಿಯದಾದರೂ ಸಮಪಾಲು ಪಡೆಯುವ ಲೆಕ್ಕ. ಮುಂದಿನ ದಶಕಗಳಲ್ಲಿ ಆ ಹುಂಡಿ ಸೊರಗಿತು, ಭಾರ ಊರಿನ ತೆರಿಗೆಯ ಮೇಲೆ ಕೂತಿತು.

ಈಗ ಮಿಲ್ ಎಂದರೇನೆಂದು ನೋಡೋಣ. ಅದು ತಿಳಿಯದೆ ಮುಂದಿನದು ಅರ್ಥವಾಗದು. ತೆರಿಗೆ ಮೌಲ್ಯದ ಪ್ರತಿ 1,000 ಡಾಲರಿಗೆ 1 ಡಾಲರ್, ಅದೇ ಒಂದು ಮಿಲ್. ಒಹಾಯೊದಲ್ಲಿ ತೆರಿಗೆ ಮೌಲ್ಯವೆಂದರೆ ಮಾರುಕಟ್ಟೆ ಬೆಲೆಯ 35%. ಹಾಗಾಗಿ ಒಂದು ಲಕ್ಷ ಡಾಲರಿನ ಮನೆಯವರಿಗೆ ಒಂದು ಮಿಲ್ ಅಂದರೆ ವರ್ಷಕ್ಕೆ 35 ಡಾಲರ್. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1933ರಲ್ಲಿ, ಮತದಾರರು ಸಂವಿಧಾನವನ್ನೇ ತಿದ್ದಿ, ಜನರ ಒಪ್ಪಿಗೆಯಿಲ್ಲದೆ ಹಾಕಬಹುದಾದ ಎಲ್ಲ ಆಸ್ತಿ ತೆರಿಗೆಗಳ ಮೊತ್ತಕ್ಕೆ 10 ಮಿಲ್‌ನ ಕಟ್ಟು ಹಾಕಿದರು. ಕೌಂಟಿ, ಟೌನ್‌ಶಿಪ್, ಶಾಲೆ ಎಲ್ಲವೂ ಆ ಹತ್ತರೊಳಗೆ ಪಾಲು ಮಾಡಿಕೊಳ್ಳಬೇಕು. ಅದಕ್ಕಿಂತ ಹೆಚ್ಚು ಬೇಕಾದರೆ ಮತಪತ್ರದಲ್ಲಿಟ್ಟು ಕೇಳಬೇಕು. ಹೀಗೆ ಕೇಳಿ ಪಡೆಯುವ ತೆರಿಗೆಗೆ ಅಲ್ಲಿಯ ಮಾತಿನಲ್ಲಿ ‘ಲೆವಿ’. ನಮ್ಮ ಹಿರಿಯ ರೈತರಿಗೆ ಲೆವಿ ಎಂದರೆ ಸರ್ಕಾರ ಅಳೆಸಿಕೊಂಡು ಹೋಗುತ್ತಿದ್ದ ಭತ್ತದ ನೆನಪು. ಒಹಾಯೊದ ಲೆವಿ ಹಾಗಲ್ಲ, ಊರಿನವರೇ ಹೌದು-ಬೇಡ ಹೇಳಿ ತಮ್ಮ ಮೇಲೆ ತಾವೇ ಹೊರಿಸಿಕೊಳ್ಳುವ ಭಾರ.

ಈ ಏರ್ಪಾಡಿನಲ್ಲಿ ಪ್ರಜಾಪ್ರಭುತ್ವದ ಚೆಲುವಿದೆ. ಆದರೆ ಮತ ಸಮಾನವಾದರೂ ಮಿಲ್ ಸಮಾನವಲ್ಲ. ಒಂದು ಶಾಲಾ ಜಿಲ್ಲೆಯಲ್ಲಿ ವಿದ್ಯಾರ್ಥಿಯೊಬ್ಬನಿಗೆ 40,000 ಡಾಲರ್ ತೆರಿಗೆ ಮೌಲ್ಯದ ಆಸ್ತಿ, ಇನ್ನೊಂದರಲ್ಲಿ 2,00,000 ಡಾಲರಿನದು ಇದೆ ಎಂದಿಟ್ಟುಕೊಳ್ಳಿ. ಒಂದು ಮಿಲ್ ಹಾಕಿದರೆ ಮೊದಲನೆಯ ಊರಿಗೆ ಮಗುವಿಗೆ 40 ಡಾಲರ್, ಎರಡನೆಯದಕ್ಕೆ 200. ಬಡ ಊರು ಐದು ಪಟ್ಟು ದರ ಹೊತ್ತರಷ್ಟೇ ಸಮ. ತೆರಿಗೆ ಕೊಡಲು ಮನಸ್ಸಿಲ್ಲ ಎಂಬ ಆರೋಪ ಇಲ್ಲೇ ಬಿದ್ದುಹೋಗುತ್ತದೆ: ಮನಸ್ಸು ಎಷ್ಟು ದೊಡ್ಡದಿದ್ದರೂ ನೆಲ ಕೊಡುವಷ್ಟೇ ಕೊಡುತ್ತದೆ.

ಆ ನೆಲದಲ್ಲಿ ಹಿಂದೊಮ್ಮೆ ಸಂಪತ್ತು ಇರಲಿಲ್ಲವೆಂದಲ್ಲ. ಲಾರೆನ್ಸ್ ಕೌಂಟಿಯ ಐರನ್‌ಟನ್ 1849ರಲ್ಲಿ ಕಬ್ಬಿಣದ ಕುಲುಮೆಗಳ ಬಲದಿಂದ ಎದ್ದ ಊರು. ಪೆರಿ ಕೌಂಟಿಯ ಶಾನಿ, ನ್ಯೂ ಸ್ಟ್ರೇಟ್ಸ್‌ವಿಲ್, ಕಾರ್ನಿಂಗ್ ಎಂಬ ಗಣಿಯೂರುಗಳಿಗೆ ಇಂದಿಗೂ ‘ಕರಿ ವಜ್ರದ ಪುಟ್ಟ ನಗರಗಳು’ ಎಂಬ ಹೆಸರಿದೆ. 1884ರ ಗಣಿ ಮುಷ್ಕರದಲ್ಲಿ ನ್ಯೂ ಸ್ಟ್ರೇಟ್ಸ್‌ವಿಲ್ಲಿನ ಸುರಂಗಗಳಿಗೆ ಹತ್ತಿದ ಬೆಂಕಿ ನೆಲದಡಿಯಲ್ಲಿ ಶತಮಾನ ದಾಟಿಯೂ ಹೊಗೆಯಾಡಿತು. ಕಲ್ಲಿದ್ದಲು ಮೂಟೆಮೂಟೆಯಾಗಿ ಹೊರಗೆ ಹೋಯಿತು. ಅದರ ಲಾಭ ದೂರದ ಊರುಗಳಲ್ಲಿ ಕಟ್ಟಡವಾಗಿ ನಿಂತಿತು. ಅಗೆದು ಬಿಟ್ಟ ಗುಡ್ಡಕ್ಕೆ ಬೆಲೆ ಉಳಿಯಲಿಲ್ಲ. ನೆಲದ ಬೆಲೆಯ ಮೇಲೆ ನಿಂತ ಶಾಲೆಗೆ ಉಳಿದದ್ದು ಡೆಸ್ಕಿನ ಮೇಲಿನ ಧೂಳು.

1976ರಲ್ಲಿ ಹೌಸ್ ಬಿಲ್ 920 ಬಂದು ಈ ಗಂಟನ್ನು ಇನ್ನೂ ಬಿಗಿ ಮಾಡಿತು. ಹಣದುಬ್ಬರದ ಕಾಲ; ಮನೆಗಳ ಬೆಲೆ ಏರಿದಂತೆ ತೆರಿಗೆಯೂ ಏರಿ ಜನ ಬೆದರಿದ್ದರು. ಆ ಅಂಜಿಕೆ ನಿಜವಾದದ್ದೇ. ಶಾಸಕಾಂಗ ಕೊಟ್ಟ ಪರಿಹಾರ ಹೀಗಿತ್ತು: ಮರುಮೌಲ್ಯಮಾಪನದಲ್ಲಿ ಆಸ್ತಿ ಬೆಲೆ ಹೆಚ್ಚಿದರೆ, ಮತದಿಂದ ಒಪ್ಪಿತವಾದ ಲೆವಿಯ ದರ ಅಷ್ಟೇ ಇಳಿಯಬೇಕು. ಬೆಲೆ ಇಮ್ಮಡಿಯಾದರೆ 10 ಮಿಲ್ ಲೆವಿಯ ಪರಿಣಾಮ 5 ಮಿಲ್‌ಗೆ ಇಳಿಯುತ್ತದೆ; ಶಾಲೆಗೆ ಬರುವ ಹಣ ಇದ್ದಲ್ಲೇ ಇರುತ್ತದೆ. ಶಿಕ್ಷಕರ ಸಂಬಳ, ಬಸ್ಸಿನ ಡೀಸೆಲ್, ಔಷಧೋಪಚಾರದ ವಿಮೆ ಇದ್ದಲ್ಲೇ ಇರುವುದಿಲ್ಲ. ಹಾಗಾಗಿ ಶಾಲೆ ಎರಡು-ಮೂರು ವರ್ಷಕ್ಕೊಮ್ಮೆ ಊರಿನ ಮುಂದೆ ಸೆರಗೊಡ್ಡಬೇಕು. ಹೊಸದನ್ನೇನೂ ಕೇಳದೆ, ಬರೀ ಇದ್ದದ್ದನ್ನು ಉಳಿಸಿಕೊಳ್ಳಲು! ಚಾಲ್ತಿ ಖರ್ಚಿನ ದರ 20 ಮಿಲ್‌ಗಿಂತ ಕೆಳಗಿಳಿಯಬಾರದೆಂಬ ನೆಲಗಟ್ಟು ಇತ್ತಾದರೂ, ಬಡ ಜಿಲ್ಲೆಯಲ್ಲಿ 20 ಮಿಲ್ ಎಂದರೆ ಎಷ್ಟೆಂದು ಮೇಲಿನ ಲೆಕ್ಕವೇ ಹೇಳುತ್ತದೆ. 1970ರ ದಶಕದ ಉತ್ತರಾರ್ಧದಲ್ಲಿ ಲೆವಿಗಳು ಸೋತು, ಬೊಕ್ಕಸ ಬರಿದಾಗಿ, ಹಲವು ಶಾಲಾ ಜಿಲ್ಲೆಗಳು ವರ್ಷದ ನಡುವೆಯೇ ಬಾಗಿಲು ಹಾಕಿದವು. ಟೊಲೀಡೊದಂಥ ದೊಡ್ಡ ನಗರವೂ ಅವುಗಳಲ್ಲಿತ್ತು.

ಇದಕ್ಕಿಂತ ಕ್ರೂರವಾದ ಇನ್ನೊಂದು ಸುಳಿ ಇತ್ತು. ರಾಜ್ಯದ ಅನುದಾನದ ಸೂತ್ರ, ಜಿಲ್ಲೆಯ ಆಸ್ತಿ ಬೆಲೆ ಏರಿದರೆ ಅದರ ಸ್ವಂತ ಆದಾಯವೂ ಏರಿತೆಂದು ಭಾವಿಸಿ ನೆರವು ಕಡಿತಗೊಳಿಸುತ್ತಿತ್ತು. ಹೌಸ್ ಬಿಲ್ 920 ಆ ಆದಾಯ ಏರದಂತೆ ತಡೆದಿರುತ್ತಿತ್ತು. ಕಾಗದದ ಮೇಲೆ ಇದ್ದು ಕೈಗೆ ಬಾರದ ಈ ದುಡ್ಡಿಗೆ ಅಲ್ಲಿನ ಶಾಲಾ ಲೆಕ್ಕಿಗರು ‘ಭೂತ ಆದಾಯ’ ಎಂದು ಹೆಸರಿಟ್ಟರು. ಒಂದು ಕಾನೂನು ಕೈ ಕಟ್ಟುತ್ತದೆ, ಇನ್ನೊಂದು ಕೈ ಚಾಚಲಿಲ್ಲವೆಂದು ದಂಡಿಸುತ್ತದೆ.

ನ್ಯಾಯಾಲಯದ ಬಾಗಿಲು ಸುಲಭವಾಗಿ ತೆರೆಯಲಿಲ್ಲ. 1973ರಲ್ಲಿ ಟೆಕ್ಸಾಸಿನ ರಾಡ್ರಿಗಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಶಿಕ್ಷಣ ಒಕ್ಕೂಟದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲವೆಂದು ಒಂದು ಮತದ ಅಂತರದಲ್ಲಿ ತೀರ್ಮಾನಿಸಿತ್ತು. 1979ರಲ್ಲಿ ಒಹಾಯೊದ ಕೋರ್ಟೂ ಸಿನ್ಸಿನಾಟಿಯ ದಾವೆಯನ್ನು ಒಪ್ಪಲಿಲ್ಲ. ಆದರೆ 1989ರಲ್ಲಿ ನದಿಯ ಆಚೆ ದಡದ ಕೆಂಟಕಿಯಲ್ಲಿ, ರಾಜ್ಯದ ಸುಪ್ರೀಂ ಕೋರ್ಟ್ ಇಡೀ ಶಾಲಾ ವ್ಯವಸ್ಥೆಯೇ ಸಂವಿಧಾನಬಾಹಿರವೆಂದು ಸಾರಿತು. ಅಲ್ಲಿ ದಾವೆ ಹೂಡಿದ್ದವರೂ ಆಸ್ತಿಯಲ್ಲಿ ಬಡವಾದ 66 ಶಾಲಾ ಜಿಲ್ಲೆಗಳೇ. ಕೋಲ್ ಗ್ರೋವಿನಿಂದ ನೋಡಿದರೆ ಕೆಂಟಕಿ ನದಿಯಾಚೆ ಕಣ್ಣಳತೆಯ ದೂರ.

1991ರ ಡಿಸೆಂಬರಿನಲ್ಲಿ ಪೆರಿ ಕೌಂಟಿಯ ಕೋರ್ಟಿಗೆ ದಾವೆ ಬಂತು. ಡಾಸನ್-ಬ್ರಯಂಟ್, ಪೆರಿ ಕೌಂಟಿಯದೇ ಆದ ನಾರ್ದರ್ನ್ ಲೋಕಲ್ ಮತ್ತು ಸದರ್ನ್ ಲೋಕಲ್, ಜೊತೆಗೆ ಲೈಮಾ ಮತ್ತು ಯಂಗ್ಸ್‌ಟೌನ್ ನಗರಗಳು: ಒಟ್ಟು ಐದು ಶಾಲಾ ಜಿಲ್ಲೆಗಳು. ಅವುಗಳ ಬೆನ್ನಿಗೆ ನಿಂತ ಒಕ್ಕೂಟದಲ್ಲಿ ಮುಂದೆ ರಾಜ್ಯದ 500ಕ್ಕೂ ಹೆಚ್ಚು ಜಿಲ್ಲೆಗಳು ಸೇರಿದವು. ಡಿರಾಲ್ಫ್ ಎಂಬುದು ನಾರ್ದರ್ನ್ ಲೋಕಲ್ ಜಿಲ್ಲೆಯ ಹೈಸ್ಕೂಲು ವಿದ್ಯಾರ್ಥಿಯೊಬ್ಬನ ಮನೆತನದ ಹೆಸರು. ಕೌಂಟಿ ಕೇಂದ್ರವಾದ ನ್ಯೂ ಲೆಕ್ಸಿಂಗ್ಟನ್ನಿನಲ್ಲಿ ವಿಚಾರಣೆ ನಡೆದು, 1994ರಲ್ಲಿ ನ್ಯಾಯಾಧೀಶ ಲಿಂಟನ್ ಲೂಯಿಸ್ ದಾವೆದಾರರ ಪರ ತೀರ್ಪಿತ್ತರು.

ಸಾಕ್ಷ್ಯಗಳನ್ನು ಓದುವಾಗ ಈಗಲೂ ಕೈ ನಿಲ್ಲುತ್ತದೆ. ಸದರ್ನ್ ಲೋಕಲ್ಲಿನ ಒಂದು ಶಾಲೆಯಲ್ಲಿ, ಪಾಠದ ಹೊತ್ತಿನಲ್ಲಿ ಚಾವಣಿಯ ಗಾರೆ ಮಕ್ಕಳ ತಲೆ ಮೇಲೆ ಬೀಳದಿರಲೆಂದು ಮುಖ್ಯೋಪಾಧ್ಯಾಯರೂ ಸಿಬ್ಬಂದಿಯೂ ಸೇರಿ ಮೊದಲೇ ಅದನ್ನು ಬಡಿದು ಕೆಡವುತ್ತಿದ್ದರು. ಅಥೆನ್ಸ್ ಕೌಂಟಿಯ ನೆಲ್ಸನ್‌ವಿಲ್-ಯಾರ್ಕ್ ಪ್ರಾಥಮಿಕ ಶಾಲೆ ತಿಂಗಳಿಗೊಂದು ಅಂಗುಲದಂತೆ ಗುಡ್ಡದ ಕೆಳಕ್ಕೆ ಜಾರುತ್ತಿತ್ತು. ರಾಜ್ಯವೇ 1990ರಲ್ಲಿ ಮಾಡಿಸಿದ ಸಮೀಕ್ಷೆಯ ಪ್ರಕಾರ ಶಾಲಾ ಕಟ್ಟಡಗಳ ದುರಸ್ತಿಗೆ 1,020 ಕೋಟಿ ಡಾಲರ್ ಬೇಕಿತ್ತು. ಗಾರೆ ಕೆಡವಿದ ಆ ಮುಖ್ಯೋಪಾಧ್ಯಾಯರನ್ನು ನಾನು ಮರೆಯಲಾರೆ. ಕೈಯಲ್ಲಿ ದುಡ್ಡಿಲ್ಲದ ಶಾಲೆಯೊಂದು ಮಕ್ಕಳನ್ನು ಕಾಪಾಡಲು ಮಾಡಬಹುದಾದ ಕಟ್ಟಕಡೆಯ ಕೆಲಸ ಅದು.

1997ರಲ್ಲಿ ಒಹಾಯೊ ಸುಪ್ರೀಂ ಕೋರ್ಟ್ 4-3ರ ಬಹುಮತದಿಂದ ವ್ಯವಸ್ಥೆಯನ್ನು ಸಂವಿಧಾನಬಾಹಿರವೆಂದಿತು. ಆಸ್ತಿ ತೆರಿಗೆಯ ಮೇಲಿನ ಅತಿ ಅವಲಂಬನೆ ಅದು ಎತ್ತಿ ತೋರಿದ ದೋಷಗಳಲ್ಲಿ ಮುಖ್ಯವಾದದ್ದು. ಶಾಸಕಾಂಗ 1998ರ ಮೇ ತಿಂಗಳಲ್ಲಿ ಒಂದು ಸೆಂಟ್ ಮಾರಾಟ ತೆರಿಗೆ ಏರಿಸುವ ಪ್ರಸ್ತಾವವನ್ನು ಜನರ ಮುಂದಿಟ್ಟಿತು. ಹೆಚ್ಚುಕಡಿಮೆ ಐವರಲ್ಲಿ ನಾಲ್ವರು ಬೇಡವೆಂದರು. 2000ದಲ್ಲಿ ಕೋರ್ಟ್ ಮತ್ತೆ ಅದೇ ಮಾತು ಹೇಳಿತು. 2002ರಲ್ಲಿ ಮತ್ತೊಮ್ಮೆ ಹೇಳಿ, ಇನ್ನು ಮೇಲ್ವಿಚಾರಣೆ ಮಾಡುವುದಿಲ್ಲವೆಂದು ಕೈ ತೊಳೆದುಕೊಂಡಿತು. 2003ರಲ್ಲಿ ಕೆಳಗಿನ ಕೋರ್ಟಿಗೂ ಈ ವಿಷಯ ಮುಟ್ಟಬೇಡವೆಂದು ಆಜ್ಞೆಯಾಯಿತು. ಹಕ್ಕು ಗೆದ್ದಿತು, ಜಾರಿ ಸೋತಿತು. ಕಟ್ಟಡಗಳ ಮಟ್ಟಿಗೆ ಮಾತ್ರ ದೊಡ್ಡ ಬದಲಾವಣೆ ಆಯಿತು: 1997ರಲ್ಲಿ ರಚನೆಯಾದ ಶಾಲಾ ಸೌಕರ್ಯ ಆಯೋಗ ಬಡ ಜಿಲ್ಲೆಗಳಿಗೆ ಆದ್ಯತೆ ಕೊಟ್ಟು ರಾಜ್ಯದ ತುಂಬ ಹೊಸ ಶಾಲೆಗಳನ್ನು ಕಟ್ಟಿಸಿತು. ಆದರೆ ಹೊಸ ಕಟ್ಟಡದೊಳಗಿನ ಶಿಕ್ಷಕರ ಸಂಬಳಕ್ಕೆ ಅದೇ ಹಳೆಯ ಲೆವಿ.

ಈ ನಡುವೆ ಹಳ್ಳಿಗಳು ತಮ್ಮದೇ ದಾರಿ ಹುಡುಕಿಕೊಂಡವು. ಹೊಲವನ್ನು ಸೈಟಿನ ಬೆಲೆಗೆ ಲೆಕ್ಕಹಾಕದೆ ಬೇಸಾಯದ ಆದಾಯಕ್ಕೆ ತಕ್ಕಂತೆ ಲೆಕ್ಕ ಹಾಕಬೇಕೆಂಬ ತಿದ್ದುಪಡಿಯನ್ನು ಮತದಾರರು 1973ರಲ್ಲೇ ಒಪ್ಪಿದ್ದರು. ಅದು ರೈತನನ್ನು ಉಳಿಸಿತು, ಜೊತೆಗೆ ಹಳ್ಳಿ ಶಾಲೆಯ ತೆರಿಗೆ ಮೌಲ್ಯವನ್ನು ಇನ್ನಷ್ಟು ಇಳಿಸಿತು. ಇದಕ್ಕೆ ಬದಲಾಗಿ ಪಶ್ಚಿಮದ ಜೋಳ-ಸೋಯಾ ಸೀಮೆಯ ಹಲವು ಜಿಲ್ಲೆಗಳು ಶಾಲಾ ಆದಾಯ ತೆರಿಗೆಯತ್ತ ಹೊರಳಿದವು. ಇಂದು ಅಂಥ ಜಿಲ್ಲೆಗಳು 200ಕ್ಕೂ ಹೆಚ್ಚು, ಬಹುಪಾಲು ಗ್ರಾಮೀಣ. ಕಾರಣ ರೈತರಾದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟ ವರ್ಷವೂ ನೆಲದ ಕಂದಾಯ ತಪ್ಪದು. ಆದಾಯದ ಮೇಲಿನ ತೆರಿಗೆ ಆದಾಯ ಇದ್ದಾಗ ಮಾತ್ರ ಕೇಳುತ್ತದೆ. ಶಾಲೆಗೆ ಕೊಡಲು ಹಳ್ಳಿಗರಿಗೆ ಮನಸ್ಸಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಕಂಡಿಲ್ಲ: ಬೇರೆ ದಾರಿ ತೆರೆದಾಗ ತಾವಾಗಿ ಮತ ಹಾಕಿ ಅದನ್ನು ಹಿಡಿದರು.

2021ರಲ್ಲಿ ಬಾಬ್ ಕಪ್ ಮತ್ತು ಜಾನ್ ಪ್ಯಾಟರ್ಸನ್ ಎಂಬ, ಎದುರು ಪಕ್ಷಗಳ ಇಬ್ಬರು ಶಾಸಕರ ಹೆಸರಿನೊಂದಿಗೆ ಗುರುತಾದ ಹೊಸ ಸೂತ್ರವನ್ನು ರಾಜ್ಯ ಅಳವಡಿಸಿಕೊಂಡಿತು. ಊರಿನ ಕೊಡುವ ಶಕ್ತಿಯನ್ನು ಅಳೆಯುವಾಗ ಅದು ಆಸ್ತಿ ಬೆಲೆಗೆ 60%, ಜನರ ಆದಾಯಕ್ಕೆ 40% ತೂಕ ಕೊಡುತ್ತದೆ. 1785ರಿಂದ ನೆಲವನ್ನಷ್ಟೇ ನೋಡುತ್ತ ಬಂದ ಕಣ್ಣು ಆ ನೆಲದ ಮೇಲೆ ಬದುಕುವವರ ಕಡೆಗೂ ಅಷ್ಟಿಷ್ಟು ತಿರುಗಿತು. ಸೂತ್ರವನ್ನು ಹಂತಹಂತವಾಗಿ ಜಾರಿ ಮಾಡುತ್ತ ಹೋದಂತೆ, ಕೋವಿಡ್ ನಂತರ ಮನೆಗಳ ಬೆಲೆ ಜಿಗಿಯಿತು. 20 ಮಿಲ್ ನೆಲಗಟ್ಟಿಗೆ ಇಳಿದಿದ್ದ ಗ್ರಾಮೀಣ ಜಿಲ್ಲೆಗಳಲ್ಲಿ ದರ ಇನ್ನು ಇಳಿಯುವಂತಿರಲಿಲ್ಲವಾಗಿ, ಯಾವ ಮತದಾನವೂ ಇಲ್ಲದೆ ತೆರಿಗೆ ಚೀಟಿಯ ಮೊತ್ತ ಏರಿತು. ಪಿಂಚಣಿಯಲ್ಲಿ ಬದುಕುವ ಮುದುಕರಿಗೆ ಅದು ಹೊರಲಾರದ ಹೊರೆಯಾಯಿತು. 2025ರಲ್ಲಿ, ಸ್ಥಿರಾಸ್ತಿಯ ಮೇಲಿನ ತೆರಿಗೆಯನ್ನೇ ಸಂವಿಧಾನದ ಮೂಲಕ ನಿಷೇಧಿಸಬೇಕೆಂಬ ಮನವಿಗೆ ಸಹಿ ಸಂಗ್ರಹ ಶುರುವಾಯಿತು. ಶಾಲೆಗೆ ಬದಲಿ ಹಣ ಎಲ್ಲಿಂದ ಬರಬೇಕು ಎಂಬ ಮಾತು ಆ ಮನವಿಯಲ್ಲಿ ಇಲ್ಲ.