ಒಂದೇ ಆಕಾಶ, ಬೇರೆ ಬೇರೆ ಮಾತು

ಅಕ್ಕನ ಮಗ ತಿರುವನಂತಪುರದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ರಜೆ ಸಿಕ್ಕಾಗಲೆಲ್ಲ ರೈಲು ಹತ್ತಿ ಎಡಪ್ಪಳ್ಳಿಯ ನಮ್ಮ ಮನೆಗೆ ಬರುತ್ತಾನೆ. ಕಳೆದ ಮಳೆಗಾಲದಲ್ಲಿ ಬಂದಾಗ ಅವನ ಚೀಲದಲ್ಲಿ ಅಂಗೈ ಮೇಲೆ ಕೂರುವಂಥ ಒಂದು ಕಾರು ಇತ್ತು. ಅಳತೆಯಲ್ಲಿ ನಿಜವಾದ ಕಾರಿನ ಇಪ್ಪತ್ತೆಂಟರಲ್ಲಿ ಒಂದು ಪಾಲು. ಸ್ಪಂಜಿನ ಹಾಸುಗಳನ್ನು ಜೋಡಿಸಿ ಮಾಡಿದ ಹಾದಿಯ ಮೇಲೆ ರೇಡಿಯೋ ಅಲೆಗಳಿಂದ ಓಡಿಸುವ ಜಾತಿಯದು. ಹಿರಿಯ ವಿದ್ಯಾರ್ಥಿಯೊಬ್ಬ ಕಾಲೇಜು ಬಿಡುವಾಗ ಅಗ್ಗಕ್ಕೆ ಕೊಟ್ಟಿದ್ದನಂತೆ. ಕಾರು ಮಾತ್ರ, ಅದನ್ನು ನಡೆಸುವ ಟ್ರಾನ್ಸ್‌ಮಿಟರ್ ಇರಲಿಲ್ಲ.

“ಯಾವುದು ತೊಗೊಳ್ಳಲಿ, ಮಾವ?” ಎಂದು ಕೇಳಿದ. ಮೈಸೂರಿನಲ್ಲಿ ಹಳೆಯ ರೇಡಿಯೋಗಳನ್ನು ಬಿಚ್ಚಿ ಜೋಡಿಸುತ್ತ ಬೆಳೆದವನೆಂಬ ಸಣ್ಣ ಹಮ್ಮು ನನಗೆ. ಕಾರನ್ನು ತಿರುವಿ ನೋಡಿದೆ. ಹೊಟ್ಟೆಯ ಮೇಲೆ 2.4 ಗಿಗಾಹರ್ಟ್ಸ್ ಎಂದಿತ್ತು. ಅವನು ಫೋನಿನಲ್ಲಿ ತೋರಿಸಿದ ಟ್ರಾನ್ಸ್‌ಮಿಟರಿನ ಮೇಲೂ ಅದೇ ಅಂಕಿ. “ಎರಡೂ ಒಂದೇ, ತೊಗೋ” ಎಂದೆ. ಹುಡುಗರಿಗೆ ಪಾಠ ಹೇಳಿ ಕೂಡಿಟ್ಟ ಹಣದಿಂದ ತರಿಸಿಕೊಂಡ. ಟ್ರಾನ್ಸ್‌ಮಿಟರಿನ ದೀಪ ಹೊತ್ತಿತು, ಕಾರಿನ ದೀಪವೂ ಮಿಣುಕಿತು; ಚಕ್ರ ಮಾತ್ರ ಅಲುಗಲಿಲ್ಲ. ರಾತ್ರಿ ಹನ್ನೊಂದರವರೆಗೆ ಹೆಣಗಾಡಿ, ಎಲ್ಲವನ್ನೂ ಪೆಟ್ಟಿಗೆಗೆ ತುಂಬುತ್ತ, “ಪರವಾಗಿಲ್ಲ ಮಾವ” ಎಂದ. ಆ ಮಾತು ನನ್ನನ್ನು ಚುಚ್ಚಿತು. ನಾನು ಎಲ್ಲಿ ತಪ್ಪಿದೆ ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ನೂರಿಪ್ಪತ್ತೈದು ವರ್ಷಗಳ ಒಂದು ಚರಿತ್ರೆ.

ನನ್ನ ತಪ್ಪಿಗೆ ಮೂಲ ನನ್ನ ಊರಿನಲ್ಲೇ ಇತ್ತು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವ್ಯಾಟ್‌ನ ಒಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಾನುಲಿಗೆ ಅಂಟಿದ್ದು ಆ ಮನೆಯಿಂದ. ಪ್ರಸಾರದ ಧರ್ಮವೇ ಬೇರೆ. ಹೇಳುವವನು ಒಬ್ಬ, ಕೇಳುವವರು ಎಲ್ಲರೂ. ಯಾವ ಕಂಪನಿಯ ರೇಡಿಯೋ ಆದರೂ ಸರಿ, ಮುಳ್ಳನ್ನು ಸರಿಯಾದ ಅಂಕಿಗೆ ತಿರುಗಿಸಿದರೆ ಧ್ವನಿ ಬಂದೇ ಬರುತ್ತದೆ. ಅಂಕಿ ಕೂಡಿದರೆ ಸಾಕು ಎಂಬ ನಂಬಿಕೆ ನಮ್ಮ ತಲೆಮಾರಿನಲ್ಲಿ ಬೇರೂರಿದ್ದು ಹೀಗೆ. ಆದರೆ ಆಟದ ಕಾರಿನ ಧರ್ಮ ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ಒಬ್ಬನ ಮಾತನ್ನು ಒಂದೇ ಒಂದು ಕಿವಿ ಕೇಳಬೇಕು, ಉಳಿದ ಯಾವ ಕಿವಿಯೂ ಕೇಳಕೂಡದು. ದೂರನಿಯಂತ್ರಣದ ಚರಿತ್ರೆಯೆಂದರೆ ಎಲ್ಲರಿಗೂ ಕೇಳಿಸುವ ಆಕಾಶದಲ್ಲಿ ಒಬ್ಬರಿಗಷ್ಟೇ ಕೇಳುವಂತೆ ಮಾತಾಡುವುದನ್ನು ಕಲಿತ ಚರಿತ್ರೆ.

ಮೊದಲ ಪ್ರಯೋಗಗಳಲ್ಲಿ ಈ ತೊಡಕು ಇರಲಿಲ್ಲ, ಏಕೆಂದರೆ ಆಕಾಶದಲ್ಲಿ ಇನ್ನೊಬ್ಬರೇ ಇರಲಿಲ್ಲ. 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಅದೃಶ್ಯ ಅಲೆಗಳಿಂದ ದೂರದ ಗಂಟೆಯನ್ನು ಬಾರಿಸಿ, ಸಿಡಿಮದ್ದನ್ನು ಹೊತ್ತಿಸಿ ತೋರಿಸಿದರು. 1898ರಲ್ಲಿ ನಿಕೊಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನೀರಿನ ತೊಟ್ಟಿಯೊಂದರಲ್ಲಿ ಪುಟ್ಟ ದೋಣಿಯನ್ನು ತಂತಿಯಿಲ್ಲದೆ ತಿರುಗಿಸಿದನು. ಆ ವರ್ಷದ ನವೆಂಬರ್ 8ರಂದು ಅದಕ್ಕೆ ಪೇಟೆಂಟೂ ದೊರೆಯಿತು. 1937ರಲ್ಲಿ ಅಮೆರಿಕದ ಅವಳಿ ಸೋದರರಾದ ವಾಲ್ಟರ್ ಮತ್ತು ವಿಲಿಯಂ ಗುಡ್ ರೇಡಿಯೋ ನಿಯಂತ್ರಣದ ಮಾದರಿ ವಿಮಾನವನ್ನು ಹಾರಿಸಿದರು. ಕಾರಿನ ಸರದಿ ಬಂದದ್ದು ಬಹಳ ತಡವಾಗಿ. 1966ರಲ್ಲಿ ಇಟಲಿಯ ರೆಜ್ಜೋ ಎಮಿಲಿಯಾದ ಕಂಪನಿಯೊಂದು ಹನ್ನೆರಡರಲ್ಲೊಂದು ಅಳತೆಯ ಫೆರಾರಿಯನ್ನು ಮಾರಾಟಕ್ಕೆ ತಂದಿತು. 1976ರಲ್ಲಿ ಜಪಾನಿನ ತಮಿಯಾ ಕಂಪನಿಯ ಪೋರ್ಷೆ 934 ಈ ಆಟವನ್ನು ಮನೆಮನೆಗೆ ಒಯ್ದಿತು.

ಹತ್ತು ಜನ ಒಂದೆಡೆ ಸೇರಿ ಪಂದ್ಯ ಕಟ್ಟಿದಾಗ ನಿಜವಾದ ಸಮಸ್ಯೆ ಎದುರಾಯಿತು. ಆಗ ಆಟಿಕೆಗಳಿಗೆ ಮೀಸಲಾಗಿದ್ದದ್ದು 27 ಮೆಗಾಹರ್ಟ್ಸ್ ಸುತ್ತಲಿನ ಇಕ್ಕಟ್ಟಾದ ಒಂದು ಓಣಿ. ಅದರೊಳಗೆ ಆರು ಮನೆಗಳು: ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ. ಯಾರ ಆಂಟೆನಾದಲ್ಲಿ ಯಾವ ಬಣ್ಣದ ಪಟ್ಟಿ ಇದೆಯೆಂದು ನೋಡಿದರೆ ಅವರ ಮನೆ ಯಾವುದೆಂದು ತಿಳಿಯುತ್ತಿತ್ತು. ಮನೆ ಬದಲಿಸಲು ಬೆರಳ ತುದಿಯಷ್ಟು ಗಾತ್ರದ ಕ್ರಿಸ್ಟಲ್ ಒಂದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸಬೇಕಿತ್ತು, ಅದೂ ಜೋಡಿಯಾಗಿ. ಹಳದಿಯ ಟ್ರಾನ್ಸ್‌ಮಿಟರಿಗೆ 27.145ರ ಕ್ರಿಸ್ಟಲ್, ರಿಸೀವರಿಗೆ 26.690ರದ್ದು. ಎರಡರ ನಡುವಿನ 455 ಕಿಲೋಹರ್ಟ್ಸ್ ಅಂತರ, ಮನೆಯ ರೇಡಿಯೋ ರಿಪೇರಿ ಮಾಡಿದವರೆಲ್ಲರಿಗೂ ಪರಿಚಿತವಾದ ಅದೇ ಅಂಕಿ. ಜೋಡಿಯನ್ನು ಅದಲುಬದಲು ಮಾಡಿದವನ ಕಾರು ಅಂದು ಓಡುತ್ತಿರಲಿಲ್ಲ.

ಆ ಕಾಲದಲ್ಲಿ ಹೊಂದಾಣಿಕೆಯ ಪ್ರಶ್ನೆ ಉಪಕರಣಗಳ ನಡುವೆ ಇರಲಿಲ್ಲ. ಮನುಷ್ಯರ ನಡುವೆ ಇತ್ತು. ಒಂದು ಕಂಪನಿಯ ಟ್ರಾನ್ಸ್‌ಮಿಟರಿಗೆ ಮತ್ತೊಂದರ ರಿಸೀವರ್ ಬಹುಮಟ್ಟಿಗೆ ಓಗೊಡುತ್ತಿತ್ತು. ಕಳಿಸುವ ಸಂದೇಶವೂ ಸರಳ: ಸೆಕೆಂಡಿಗೆ ಐವತ್ತು ಸಲದಂತೆ ಒಂದೊಂದು ಚಿಕ್ಕ ಮಿಡಿತ. ಮಿಡಿತದ ಅಗಲ ಒಂದೂವರೆ ಮಿಲಿಸೆಕೆಂಡ್ ಇದ್ದರೆ ಚಕ್ರ ನೇರ, ಒಂದಕ್ಕೆ ಇಳಿದರೆ ಒಂದು ಕಡೆಗೆ, ಎರಡಕ್ಕೆ ಏರಿದರೆ ಇನ್ನೊಂದು ಕಡೆಗೆ. ಓಗೊಡುವುದು ಅತಿಯಾದದ್ದೇ ತೊಂದರೆ. ನಿಮ್ಮ ಬಣ್ಣದವನೇ ಇನ್ನೊಬ್ಬ ಮೂಲೆಯಲ್ಲಿ ನಿಂತು ಗುಂಡಿ ಅದುಮಿದರೆ ನಿಮ್ಮ ಕಾರು ಗೋಡೆಗೆ ಬಡಿಯುತ್ತಿತ್ತು. ಅದಕ್ಕಾಗಿ ಪಂದ್ಯದ ಮೈದಾನಗಳಲ್ಲಿ ಒಂದು ಹಲಗೆ ಇಡುತ್ತಿದ್ದರು. ಅದರ ಮೇಲೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ನಿಮ್ಮ ಬಣ್ಣದ ಕ್ಲಿಪ್ಪು ಹಲಗೆಯಲ್ಲಿದ್ದರೆ ತೆಗೆದುಕೊಂಡು ಟ್ರಾನ್ಸ್‌ಮಿಟರಿಗೆ ಸಿಕ್ಕಿಸಿ ಓಡಿಸಬಹುದು. ಇಲ್ಲದಿದ್ದರೆ ಕೊಂಡೊಯ್ದವನು ಮರಳಿಸುವವರೆಗೆ ಕಾಯಬೇಕು. ಬಾವಿಕಟ್ಟೆಯಲ್ಲಿ ಹಗ್ಗಕ್ಕಾಗಿ ಕಾದಂತೆ ಅದು. ಕಾಯುವಾಗ ಮಾತು, ಮಾತಿನಿಂದ ಪರಿಚಯ.

ನಮ್ಮ ದೇಶದಲ್ಲಿ ಇನ್ನೂ ಒಂದು ಬೇಲಿ ಇತ್ತು. 1933ರ ನಿಸ್ತಂತು ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ರೇಡಿಯೋ ಉಪಕರಣವನ್ನು ಇಟ್ಟುಕೊಳ್ಳುವುದೇ ಅಪರಾಧ. ಮನೆಯ ರೇಡಿಯೋಗೂ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಹಣ ಕಟ್ಟುತ್ತಿದ್ದ ದಿನಗಳನ್ನು ಹಿರಿಯ ಓದುಗರು ಮರೆತಿರಲಾರರು.

ಹಲಗೆಯ ಕ್ಲಿಪ್ಪುಗಳನ್ನು ಕೊನೆಗೆ ಅಳಿಸಿಹಾಕಿದ ಕಲ್ಪನೆಯ ಬೇರು ಒಂದು ಯುದ್ಧದಲ್ಲಿದೆ. 1942ರ ಆಗಸ್ಟ್ 11ರಂದು ಹಾಲಿವುಡ್ಡಿನ ನಟಿ ಹೆಡಿ ಲಮಾರ್ ಮತ್ತು ಸಂಗೀತ ಸಂಯೋಜಕ ಜಾರ್ಜ್ ಆಂಥೈಲ್ ಇಬ್ಬರಿಗೂ ಸೇರಿ ಒಂದು ಪೇಟೆಂಟ್ ದೊರೆಯಿತು. ಟಾರ್ಪಿಡೊವನ್ನು ರೇಡಿಯೋದಿಂದ ನಡೆಸುವಾಗ ಶತ್ರು ಅಡ್ಡಗಟ್ಟದಂತೆ, ಕಳಿಸುವವನೂ ಕೇಳುವವನೂ ಒಟ್ಟಾಗಿ ಒಂದು ಕಂಪನಾಂಕದಿಂದ ಇನ್ನೊಂದಕ್ಕೆ ಜಿಗಿಯುತ್ತ ಹೋಗುವ ಉಪಾಯ. ಜಿಗಿಯಲು ಅವರು ಸೂಚಿಸಿದ್ದು 88 ಕಂಪನಾಂಕಗಳು. ಪಿಯಾನೊ ವಾದ್ಯದ ಮನೆಗಳೂ ಅಷ್ಟೇ. ನೌಕಾಪಡೆ ಅಂದು ಅದನ್ನು ಬಳಸಲಿಲ್ಲ. 1985ರಲ್ಲಿ ಅಮೆರಿಕ ಇಂಥ ಹರಡಿದ ಅಲೆಗಳ ವಿಧಾನಕ್ಕೆ ಕೆಲವು ತರಂಗಪಟ್ಟಿಗಳನ್ನು ಪರವಾನಗಿಯಿಲ್ಲದೆ ತೆರೆಯಿತು. ಅವುಗಳಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯೂ ಒಂದು. ನಮ್ಮ ವೈಫೈ, ಬ್ಲೂಟೂತ್ ಎಲ್ಲ ಅದರ ಮಕ್ಕಳೇ. ಭಾರತ ಸರ್ಕಾರ ಆ ಪಟ್ಟಿಯನ್ನು ಮುಕ್ತಗೊಳಿಸಿ ಅಧಿಸೂಚನೆ ಹೊರಡಿಸಿದ್ದು 2005ರ ಜನವರಿ 28ರಂದು. ಅದರ ನಿಯಮ ಓದಲು ಹಿತವಾಗಿದೆ: ಶಕ್ತಿಗೆ ಮಿತಿಯುಂಟು, ಯಾರಿಗೂ ಅಡ್ಡಿ ಮಾಡಬಾರದು, ತನಗೆ ಅಡ್ಡಿಯಾಯಿತೆಂದು ದೂರಬಾರದು, ಹಂಚಿಕೊಂಡು ಬಾಳಬೇಕು. ಸರಿಸುಮಾರು ಅದೇ ಹೊತ್ತಿಗೆ ಈ ಪಟ್ಟಿಯ ಟ್ರಾನ್ಸ್‌ಮಿಟರುಗಳು ಆಟದ ಮಾರುಕಟ್ಟೆಗೂ ಬಂದವು.

ಈಗ ಪ್ರತಿ ಟ್ರಾನ್ಸ್‌ಮಿಟರಿಗೂ ಹುಟ್ಟಿನಿಂದಲೇ ಒಂದು ಗುರುತಿನ ಸಂಖ್ಯೆ. ರಿಸೀವರಿಗೆ ಅದನ್ನು ಒಮ್ಮೆ ಪರಿಚಯ ಮಾಡಿಸಬೇಕು. ಇದಕ್ಕೆ ‘ಬೈಂಡಿಂಗ್’ ಎನ್ನುತ್ತಾರೆ. ನಂಟು ಬೆಸೆದ ಮೇಲೆ ಅದು ಬೇರೆ ಯಾರ ಮಾತಿಗೂ ಕಿವಿಗೊಡದು. ಹತ್ತಾರು ಜನ ಒಟ್ಟಿಗೆ ಓಡಿಸಿದರೂ ಒಬ್ಬರ ಕಾರು ಇನ್ನೊಬ್ಬರಿಗೆ ತಿರುಗದು. ಕ್ಲಿಪ್ಪಿಗಾಗಿ ಕಾಯುವುದು ಮುಗಿಯಿತು.

ಆದರೆ ಪಕ್ಕದವನಿಂದ ಬಿಡುಗಡೆ ಪಡೆದವರು ತಯಾರಕನಿಗೆ ಕಟ್ಟುಬಿದ್ದರು. ಹೇಗೆ ಜಿಗಿಯಬೇಕು, ಯಾವ ಕ್ರಮದಲ್ಲಿ, ಗುರುತಿನ ಸಂಖ್ಯೆಯನ್ನು ಹೇಗೆ ಹೇಳಬೇಕು, ಚಕ್ರದ ಕೋನವನ್ನು ಯಾವ ಅಕ್ಷರದಲ್ಲಿ ಬರೆಯಬೇಕು, ಇವೆಲ್ಲವನ್ನೂ ಒಂದೊಂದು ಕಂಪನಿ ತನ್ನದೇ ರೀತಿಯಲ್ಲಿ ನಿಶ್ಚಯಿಸಿ ಗುಟ್ಟಾಗಿ ಇಟ್ಟುಕೊಂಡಿತು. ಈ ಕಟ್ಟುಪಾಡಿಗೆ ‘ಪ್ರೋಟೊಕಾಲ್’ ಎಂದು ಹೆಸರು. ಸ್ಪೆಕ್ಟ್ರಮ್‌ನದು ಡಿಎಸ್‌ಎಂ ಕುಟುಂಬ, ಫ್ಲೈಸ್ಕೈಯದು ಎಎಫ್‌ಎಚ್‌ಡಿಎಸ್. ಫುಟಾಬಾ, ಸನ್ವಾಗಳದು ಇನ್ನೂ ಬೇರೆ. ಭೇದ ಒಳಗಿನ ಚಿಪ್ಪಿನಿಂದಲೇ ಶುರು. ಹಾಗಾಗಿ 2.4 ಎಂಬುದು ವಿಳಾಸದಲ್ಲಿ ಬೀದಿಯ ಹೆಸರು ಮಾತ್ರ. ಆ ಬೀದಿಯ ಮನೆಗಳಲ್ಲಿ ಯಾವ ಭಾಷೆ ಆಡುತ್ತಾರೆಂದು ಅದು ಹೇಳುವುದಿಲ್ಲ. ಕೆಲವೊಮ್ಮೆ ಒಂದೇ ಕಂಪನಿಯ ಹಳೆಯ ಮತ್ತು ಹೊಸ ಉಪಕರಣಗಳೂ ಪರಸ್ಪರ ಅಪರಿಚಿತ. ಇಪ್ಪತ್ತೆಂಟರ ಅಳತೆಯನ್ನು 1999ರಲ್ಲಿ ಜನಪ್ರಿಯಗೊಳಿಸಿದ ಕ್ಯೋಶೊ ಕಂಪನಿಯ ಮಿನಿ-ಝೆಡ್ ಕಾರುಗಳನ್ನೇ ನೋಡಿ. ಮೊದಲು 27 ಮೆಗಾಹರ್ಟ್ಸ್ ಕ್ರಿಸ್ಟಲ್, ಆಮೇಲೆ ಎಎಸ್‌ಎಫ್ ಎಂಬ ಪದ್ಧತಿ, ಅನಂತರ ಎಫ್‌ಎಚ್‌ಎಸ್. ಒಂದರ ಟ್ರಾನ್ಸ್‌ಮಿಟರಿಗೆ ಇನ್ನೊಂದರ ಕಾರು ಕದಲದು. ಇಷ್ಟು ಚಿಕ್ಕ ಕಾರುಗಳಲ್ಲಿ ರಿಸೀವರ್ ಮುಖ್ಯ ಹಲಗೆಯ ಮೇಲೇ ಬೆಸುಗೆಯಾಗಿರುವುದು ಹೆಚ್ಚು. ದೊಡ್ಡ ಕಾರಿನಲ್ಲಿ ಮಾಡುವಂತೆ ಅದನ್ನು ಕಿತ್ತು ಬೇರೆಯದನ್ನು ಇಡಲು ಬರುವುದಿಲ್ಲ.

ನಾನು ಈ ಊರಿಗೆ ಬಂದ ಹೊಸದರಲ್ಲಿ ಎಡಪ್ಪಳ್ಳಿಯ ನಾಲ್ಕು ರಸ್ತೆ ಕೂಡುವಲ್ಲಿ ನಿಂತು ಬಸ್ಸಿನ ಬೋರ್ಡು ಓದಲಾರದೆ ಕಂಗಾಲಾಗಿದ್ದೆ. ಅಕ್ಕಪಕ್ಕದ ರಾಜ್ಯ, ಒಂದೇ ದ್ರಾವಿಡ ಕುಟುಂಬದ ನುಡಿ. ಆದರೂ ಅರ್ಥ ನನ್ನತ್ತ ಸುಳಿಯಲಿಲ್ಲ. ಆ ಅನುಭವವಿದ್ದೂ ಅಂಕಿ ನೋಡಿ ಮೋಸಹೋದೆನಲ್ಲ!

ಭಾಷೆಗಳನ್ನು ಗುಟ್ಟಾಗಿಡಲೇಬೇಕೆಂಬ ನಿಯಮವೇನಿಲ್ಲ. ಹುಡುಗ ಓದುತ್ತಿರುವ ನಗರದ ಅಂಚಿನಲ್ಲೇ ತುಂಬಾ ಇದೆ. 1963ರ ನವೆಂಬರ್ 21ರಂದು ಅಲ್ಲಿಂದ ಮೇಲೇರಿದ್ದು ಅಮೆರಿಕದ ನೈಕ್-ಅಪಾಚೆ ರಾಕೆಟ್, ಅದು ಹೊತ್ತದ್ದು ಫ್ರಾನ್ಸಿನ ಸೋಡಿಯಂ ಆವಿಯ ಉಪಕರಣ. ಹಲವು ದೇಶಗಳ ಯಂತ್ರಗಳು ಒಂದೆಡೆ ಸೇರಿ ಕೆಲಸ ಮಾಡಿದ ಜಾಗ ಅದು. ರಾಕೆಟ್ಟುಗಳ ಲೋಕದಲ್ಲಿ ದೂರಮಾಪನದ ಸಂಕೇತಗಳಿಗೆ ಪ್ರಕಟಿತ ಮಾನಕಗಳಿವೆ. ಯಾರ ರಾಕೆಟ್ಟಿನ ಮಾತನ್ನು ಯಾರ ನೆಲೆಯೂ ಕೇಳಬೇಕೆಂಬ ಉದ್ದೇಶದಿಂದ ಮಾಡಿದವು. ಆಕಾಶಕ್ಕೆ ಹಾರುವ ಯಂತ್ರಗಳಿಗೆ ಸಾಧ್ಯವಾದ ಒಪ್ಪಂದ ನೆಲದ ಮೇಲಿನ ಆಟಿಕೆಗಳಿಗೆ ಆಗಲಿಲ್ಲ. ಕೊನೆಗೆ ಹವ್ಯಾಸಿಗಳೇ ಕೈಹಾಕಿದರು. ಕಂಪನಿಗಳ ಗುಟ್ಟನ್ನು ಒಂದೊಂದಾಗಿ ಬಿಡಿಸಿ, ನಾಲ್ಕು ಬಗೆಯ ಚಿಪ್ಪುಗಳನ್ನು ಒಂದೇ ಹಲಗೆಯ ಮೇಲೆ ಕೂರಿಸಿ ಹತ್ತಾರು ಪ್ರೋಟೊಕಾಲ್ ಆಡಬಲ್ಲ ‘ದುಭಾಷಿ’ ಮಾಡ್ಯೂಲ್ ಮಾಡಿದರು. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್‌ನಂಥ, ಎಲ್ಲರೂ ನೋಡಬಹುದಾದ ಮುಕ್ತ ಪದ್ಧತಿಯನ್ನೂ ಕಟ್ಟಿದರು. ಆದರೂ ಎಲ್ಲ ಗುಟ್ಟುಗಳೂ ಇನ್ನೂ ಬಿಟ್ಟುಕೊಟ್ಟಿಲ್ಲ. ದುಭಾಷಿಯನ್ನು ನಂಬುವ ಮುನ್ನ ಅದಕ್ಕೆ ನಮ್ಮ ಕಾರಿನ ಮಾತು ಬರುತ್ತದೆಯೇ ಎಂದು ಕೇಳಿಕೊಳ್ಳಬೇಕು.

ಇಷ್ಟು ಓದಿದ ಮೇಲೆ ಟ್ರಾನ್ಸ್‌ಮಿಟರ್ ಆರಿಸುವ ಕ್ರಮ ತಲೆಕೆಳಗಾಯಿತು. ಮೊದಲು ನೋಡಬೇಕಾದದ್ದು ಕೈಯಲ್ಲಿ ಹಿಡಿಯುವ ಪೆಟ್ಟಿಗೆಯನ್ನಲ್ಲ, ಕಾರಿನೊಳಗಿನ ಕಿವಿಯನ್ನು. ಆ ಹಲಗೆಯ ಮೇಲಿನ ಪ್ರೋಟೊಕಾಲಿನ ಪೂರ್ಣ ಹೆಸರನ್ನು, ಅದರ ಪೀಳಿಗೆಯನ್ನು. ಎರಡನೆಯದು, ಮಾತು ನಿಂತಾಗ ಕಾರು ತಾನಾಗಿ ನಿಲ್ಲುವ ಏರ್ಪಾಡು ಇದೆಯೇ ಎಂಬುದು. ಚಾನೆಲ್ ಎರಡಿದ್ದರೆ ಸಾಕು, ಒಂದು ತಿರುಗಿಸಲು, ಒಂದು ವೇಗಕ್ಕೆ. ಚಕ್ರವುಳ್ಳ ಪಿಸ್ತೂಲಿನ ಆಕಾರವೋ ಎರಡು ಕೋಲಿನದೋ ಎಂಬುದು ಕೈಯ ರೂಢಿಗೆ ಬಿಟ್ಟದ್ದು. ಮೂರನೆಯದನ್ನು ಯಾವ ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ: ಜೊತೆಗೆ ಓಡಿಸುವವರು ಏನನ್ನು ಬಳಸುತ್ತಾರೆ? ಪಂದ್ಯದ ದಿನ ಟ್ರಾನ್ಸ್‌ಮಿಟರ್ ಕೈಕೊಟ್ಟರೆ ಎರವಲು ಸಿಗುವುದು ಅವರಲ್ಲಿ. ಹೊಂದಿಸುವುದನ್ನು ಹೇಳಿಕೊಡುವವರೂ ಅವರೇ. ಎಲ್ಲಕ್ಕಿಂತ ಉತ್ತಮವಾದ ಟ್ರಾನ್ಸ್‌ಮಿಟರನ್ನು ಒಬ್ಬನೇ ಇಟ್ಟುಕೊಂಡವನಿಗಿಂತ, ಸಾಧಾರಣವಾದುದನ್ನು ಹತ್ತು ಜನರೊಂದಿಗೆ ಹಂಚಿಕೊಂಡವನು ಹೆಚ್ಚು ಸಲ ಓಡಿಸುತ್ತಾನೆ. ಕ್ಲಿಪ್ಪಿನ ಹಲಗೆ ಹೋಯಿತು. ಅದು ಕಲಿಸಿದ ಪಾಠ ಉಳಿಯಿತು.

ಮುಂದಿನ ಸಲ ಹುಡುಗ ಬಂದಾಗ ಆ ಟ್ರಾನ್ಸ್‌ಮಿಟರಿನ ಹಣವನ್ನು ಅವನ ಕೈಗೆ ಹಿಡಿಸಿದೆ. ಬೇಡವೆಂದ, ನಾನು ಬಿಡಲಿಲ್ಲ. ಪೆಟ್ಟಿಗೆ ಈಗ ನನ್ನ ಕಪಾಟಿನಲ್ಲಿದೆ. ಅದರ ಮಾತು ಬಲ್ಲ ರಿಸೀವರೊಂದನ್ನು ತರಿಸಿ, ನಿಧಾನವಾಗಿ ಒಂದು ದೊಡ್ಡ ಕಾರು ಕಟ್ಟುತ್ತಿದ್ದೇನೆ. ಅವನು ತಿರುವನಂತಪುರದ ಗೆಳೆಯರನ್ನು ವಿಚಾರಿಸಿ, ಒಬ್ಬನ ಟ್ರಾನ್ಸ್‌ಮಿಟರನ್ನು ಎರವಲು ತಂದು ನಂಟು ಬೆಸೆದು ನೋಡಿ, ಆಮೇಲೆ ಅದೇ ಬಗೆಯದನ್ನು ಕೊಂಡ. ಮೊನ್ನೆ ಇನ್ನೊಂದು ಹಳೆಯ ಕಾರಿನ ಹೊಟ್ಟೆಯ ಚಿತ್ರ ಕಳಿಸಿದ್ದ. ಕೆಳಗೆ ಒಂದೇ ಸಾಲು: “ಮಾವ, ಇದು ಯಾವ ಮಾತು ಆಡುತ್ತೆ?”