ಡಾ. ಸಿ. ಗೋಪಾಲನ್: ಹಸಿವಿನ ಲೆಕ್ಕ ತಿದ್ದಿದ ವೈದ್ಯ

ಭಾರತೀಯ ಪೋಷಣ ವಿಜ್ಞಾನದ ಹಿರಿಯರೆಂದೇ ಗುರುತಿಸಲ್ಪಡುವ ಡಾ. ಸಿ. ಗೋಪಾಲನ್ ಅವರು ಜನಿಸಿದ್ದು 1918ರ ನವೆಂಬರ್ 29ರಂದು, ತಮಿಳುನಾಡಿನ ಸೇಲಂನಲ್ಲಿ. ಮದರಾಸಿನಲ್ಲಿ ವೈದ್ಯ ಶಿಕ್ಷಣ, ಲಂಡನ್ನಿನಲ್ಲಿ ಸಂಶೋಧನಾ ಪದವಿ ಪಡೆದ ಅವರು ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣ ಸಂಶೋಧನಾಲಯವನ್ನು ಸೇರಿದರು. ಬಡವರಲ್ಲಿ ಕಾಣುತ್ತಿದ್ದ ಪಾದ ಉರಿಯ ಬೇನೆಯನ್ನು ಕುರಿತು 1946ರಲ್ಲಿ ಪ್ರಕಟಿಸಿದ ಲೇಖನ ಅವರ ಆರಂಭದ ಕೆಲಸಗಳಲ್ಲಿ ಒಂದು.

ಸಂಶೋಧನಾಲಯ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡಿತು. ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಅದೇ. ಅಲ್ಲಿ ಎದುರಾದ ಒಗಟು ಪೆಲಾಗ್ರ. ಬಿಸಿಲು ತಾಗುವ ಚರ್ಮ ಕಪ್ಪಾಗಿ ಸುಲಿಯುವ, ಭೇದಿಯಾಗುವ, ಕಡೆಗೆ ಬುದ್ಧಿ ಕದಡುವ ಈ ರೋಗ ಮುಸುಕಿನ ಜೋಳ ತಿನ್ನುವವರದೆಂದು ಜಗತ್ತು ನಂಬಿತ್ತು. ದಖ್ಖನ್ ಪ್ರಸ್ಥಭೂಮಿಯಲ್ಲಾದರೋ ಅದು ಬಿಳಿಜೋಳ ಉಣ್ಣುವ ಬಡ ಕೂಲಿಕಾರರಲ್ಲಿ ಕಾಣಿಸಿತು. ಜೋಳದಲ್ಲಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲದ ಅತಿಶಯವೇ ನಯಾಸಿನ್ ಜೀವಸತ್ವದ ಬಳಕೆಗೆ ಅಡ್ಡಿಯೆಂದು ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರತಿಪಾದಿಸಿದರು. ಈ ವಾದವನ್ನು ಎಲ್ಲರೂ ಒಪ್ಪಿದ್ದಿಲ್ಲ. ರೊಟ್ಟಿಯ ನಾಡಿನವರು ಬೆದರಬೇಕಾಗಿಯೂ ಇಲ್ಲ. ಬೇಳೆ, ಸೊಪ್ಪು, ಮಜ್ಜಿಗೆ ಜೊತೆಗಿದ್ದ ತಟ್ಟೆಗೆ ಈ ರೋಗ ಬಂದದ್ದಲ್ಲ, ಬರೀ ಜೋಳವೇ ಊಟವಾಗಿದ್ದವರಿಗೆ ಬಂದದ್ದು.

ಮಕ್ಕಳ ಅಪೌಷ್ಟಿಕತೆ ಕುರಿತ ಅವರ ನಿಲುವು ಇನ್ನೂ ದೂರಗಾಮಿಯಾದುದು. ಮೈ ಊದುವ ಕ್ವಾಷಿಯೋರ್ಕರ್‌ಗೆ ಪ್ರೋಟೀನ್ ಕೊರತೆ, ಮೈ ಒಣಗುವ ಮರಾಸ್ಮಸ್‌ಗೆ ಒಟ್ಟು ಆಹಾರದ ಕೊರತೆ ಕಾರಣವೆಂಬುದು ಆಗಿನ ಪಾಠ. ಎರಡೂ ಬಗೆಯ ಮಕ್ಕಳ ಊಟದಲ್ಲಿ ಅಂಥ ವ್ಯತ್ಯಾಸವೇ ಇಲ್ಲವೆಂದು ಗೋಪಾಲನ್ 1968ರಲ್ಲಿ ತೋರಿಸಿದರು. ಮುಂದೆ ಅವರ ತಂಡ ಹಳ್ಳಿಯ ಮಕ್ಕಳಿಗೆ ಗೋಧಿಹಿಟ್ಟು, ಸಕ್ಕರೆ, ಎಣ್ಣೆಯ ತಿನಿಸು ನೀಡಿತು. ದಿನಕ್ಕೆ 310 ಕ್ಯಾಲೊರಿ, ಪ್ರೋಟೀನ್ ಕೇವಲ 3 ಗ್ರಾಂ. ಮಕ್ಕಳ ಎತ್ತರ, ತೂಕ ಎರಡೂ ಹೆಚ್ಚಿದವು. ದುಬಾರಿ ಪ್ರೋಟೀನ್ ಪುಡಿಗಳ ಪ್ರಚಾರ ಜೋರಾಗಿದ್ದ ಕಾಲದಲ್ಲಿ, 1973ರಲ್ಲಿ, ಈ ಫಲಿತಾಂಶ ಪ್ರಕಟವಾಯಿತು. ಮಗುವಿಗೆ ಬೇಕಾದದ್ದು ಮೊದಲು ಹೊಟ್ಟೆತುಂಬ ಅನ್ನ ಎಂಬುದು ಅದರ ಅರ್ಥ.

ಕುರುಡುತನ ತಡೆಯಲು ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ‘ಎ’ ಜೀವಸತ್ವ ನೀಡುವ ರಾಷ್ಟ್ರೀಯ ಕಾರ್ಯಕ್ರಮ 1970ರಲ್ಲಿ ಆರಂಭವಾದದ್ದು ಹೈದರಾಬಾದ್ ಸಂಸ್ಥೆಯ ಅಧ್ಯಯನದ ಬಲದಿಂದ. ಆದರೆ ಅದು ತಾತ್ಕಾಲಿಕ ಏರ್ಪಾಡೆಂಬುದು ಗೋಪಾಲನ್ ಅವರ ಮತ. ಇಳಿವಯಸ್ಸಿನಲ್ಲಿ, ಕೊರತೆ ತಗ್ಗಿದ ಮೇಲೂ ಎಲ್ಲ ಮಕ್ಕಳಿಗೂ ಔಷಧ ಕುಡಿಸುವುದನ್ನು ವಿರೋಧಿಸಿ, ಸೊಪ್ಪು ತರಕಾರಿಯತ್ತ ಬೊಟ್ಟು ಮಾಡಿದರು. ತಾವೇ ಮುನ್ನಡೆಸಿದ ಸಂಸ್ಥೆಯಿಂದ ಬಂದ ಯೋಜನೆಯನ್ನು ಹೀಗೆ ಪ್ರಶ್ನಿಸಿದ ವಿಜ್ಞಾನಿಗಳು ವಿರಳ.

1974ರಿಂದ 1979ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾಗಿದ್ದ ಅವರು 1980ರಲ್ಲಿ ದೆಹಲಿಯಲ್ಲಿ ನ್ಯೂಟ್ರಿಷನ್ ಫೌಂಡೇಷನ್ ಆಫ್ ಇಂಡಿಯಾ ಸ್ಥಾಪಿಸಿದರು. ಅದೇ ಹೊತ್ತಿಗೆ ಅಮೆರಿಕದ ಅರ್ಥಶಾಸ್ತ್ರಜ್ಞ ಡೇವಿಡ್ ಸೆಕ್ಲರ್, ಬಡವರ ಮಕ್ಕಳು ಕುಳ್ಳಾದರೂ ಆರೋಗ್ಯವಂತರೇ ಎಂದು ವಾದಿಸಿದ್ದರು. ಒಪ್ಪಿದ್ದರೆ ಅಪೌಷ್ಟಿಕರ ಸಂಖ್ಯೆ ಕಾಗದದ ಮೇಲೆ ಕರಗಿಬಿಡುತ್ತಿತ್ತು. 1983ರಲ್ಲಿ ಗೋಪಾಲನ್ ಖಾರವಾಗಿಯೇ ಉತ್ತರಿಸಿದರು: ಕುಳ್ಳುತನ ಬಡವರಿಗೆ ಮಾತ್ರ ಆರೋಗ್ಯವೇ, ಸಿರಿವಂತರಿಗೆ ಅಲ್ಲವೇ? ಉಳ್ಳವರ ಮನೆಯ ಭಾರತೀಯ ಮಕ್ಕಳು ಪಾಶ್ಚಾತ್ಯ ಮಕ್ಕಳ ಸಮಕ್ಕೆ ಬೆಳೆಯುತ್ತಾರೆಂಬುದು ಅವರ ಮುಖ್ಯ ಆಧಾರವಾಗಿತ್ತು.

1987ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದ ಅವರಿಗೆ ಪದ್ಮಶ್ರೀ (1970), ಪದ್ಮಭೂಷಣ (2003) ಸಂದವು. ಅವರು ಸಹಲೇಖಕರಾಗಿದ್ದ ಭಾರತೀಯ ಆಹಾರಗಳ ಪೋಷಕಾಂಶ ಕೋಷ್ಟಕವನ್ನು ಆಸ್ಪತ್ರೆ, ಕಾಲೇಜುಗಳು ದಶಕಗಳ ಕಾಲ ಬಳಸಿದವು. ಹೊಸ ಕೋಷ್ಟಕ ಬಂದದ್ದು 2017ರಲ್ಲಿ. ಗೋಪಾಲನ್ 2019ರ ಅಕ್ಟೋಬರ್ 3ರಂದು, ನೂರು ದಾಟಿದ ವಯಸ್ಸಿನಲ್ಲಿ, ಚೆನ್ನೈನಲ್ಲಿ ನಿಧನರಾದರು.